ನಿವೃತ್ತ ಸೇನಾಧಿಕಾರಿ ಲೋಕಸಭೆಗೆ ಸ್ಪರ್ಧಿಸುವುದು ಹೇಗೆ: ಬಿಡುಗಡೆಯ ಆದೇಶದಿಂದ ವೆಚ್ಚದ ಲೆಕ್ಕದವರೆಗೆ

ಸೇನೆಯಲ್ಲಿ ಇಪ್ಪತ್ತು, ಮೂವತ್ತು ವರ್ಷ ಸೇವೆ ಸಲ್ಲಿಸಿ ಊರಿಗೆ ಮರಳಿದ ಅಧಿಕಾರಿಗೆ ಮೊದಲ ಸನ್ಮಾನ ಸಮಾರಂಭದಲ್ಲಿಯೇ ‘ತಮ್ಮಂಥವರು ಚುನಾವಣೆಗೆ ನಿಲ್ಲಬೇಕು ಸಾರ್’ ಎನ್ನುವವರು ಸಿಗುತ್ತಾರೆ. ಶಾಲು, ಹಾರ, ಪೇಟದ ನಡುವೆ ಹಾಗೆ ಹೇಳಿದ ಹತ್ತು ಮಂದಿಯಲ್ಲಿ ಎಷ್ಟು ಜನ ನಾಳೆ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕುತ್ತಾರೆ ಎಂಬುದು ಬೇರೆಯೇ ಲೆಕ್ಕ. ಈ ಲೇಖನ ಆ ಎರಡನೆಯ ಲೆಕ್ಕಕ್ಕೆ ಸಂಬಂಧಿಸಿದ್ದು. ಲೋಕಸಭೆಗೆ ಸ್ಪರ್ಧಿಸುವ ಸೇನಾಧಿಕಾರಿಗೆ ಉಳಿದ ಅಭ್ಯರ್ಥಿಗಳಿಗಿಲ್ಲದ ಕೆಲವು ಕಾನೂನಿನ ತೊಡಕುಗಳಿವೆ. ಅವನ್ನು ಮೊದಲೇ ಬಿಡಿಸಿಕೊಂಡವರಿಗೆ ಮಾತ್ರ ಪ್ರಚಾರದ ಮೇಲೆ ಗಮನ ಕೊಡಲು ಸಾಧ್ಯವಾಗುತ್ತದೆ.

ಮೊದಲನೆಯದಾಗಿ, ಸೇವೆಯಿಂದ ಪೂರ್ತಿಯಾಗಿ ಹೊರಬಂದಿರಬೇಕು. ಸಂವಿಧಾನದ 84ನೇ ವಿಧಿಯ ಪ್ರಕಾರ ಲೋಕಸಭೆಗೆ ಸ್ಪರ್ಧಿಸುವವರು ಭಾರತದ ಪ್ರಜೆಯಾಗಿರಬೇಕು ಮತ್ತು 25 ವರ್ಷ ತುಂಬಿರಬೇಕು. 102ನೇ ವಿಧಿಯ ಪ್ರಕಾರ ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆ ಹೊಂದಿರಬಾರದು. ಪಿಂಚಣಿ ಹುದ್ದೆಯಲ್ಲವಾದ್ದರಿಂದ ಅದು ಅಡ್ಡಿಯಾಗುವುದಿಲ್ಲ. ಆದರೆ ಬಿಡುಗಡೆಯ ಆದೇಶ ಜಾರಿಗೆ ಬರುವ ದಿನದವರೆಗೆ, ಅಂದರೆ ನಿವೃತ್ತಿಪೂರ್ವ ರಜೆಯ ಮೇಲೆ ಊರಿಗೆ ಬಂದು ಲುಂಗಿ ಉಟ್ಟು ಜಗುಲಿಯಲ್ಲಿ ಕುಳಿತಿದ್ದರೂ, ಅಧಿಕಾರಿ 1950ರ ಸೇನಾ ಕಾಯ್ದೆಗೆ ಒಳಪಟ್ಟವರೇ ಆಗಿರುತ್ತಾರೆ. 1954ರ ಸೇನಾ ನಿಯಮಗಳ 20ನೇ ನಿಯಮವು ಅಂಥವರು ರಾಜಕೀಯ ಸಭೆಯಲ್ಲಿ ಭಾಗವಹಿಸುವುದನ್ನು, ಪಕ್ಷ ಸೇರುವುದನ್ನು, ಪಕ್ಷಕ್ಕೆ ಚಂದಾ ಕೊಡುವುದನ್ನು ನಿಷೇಧಿಸುವುದರ ಜೊತೆಗೆ, ತಮ್ಮನ್ನು ಅಭ್ಯರ್ಥಿ ಅಥವಾ ಭಾವೀ ಅಭ್ಯರ್ಥಿ ಎಂದು ಸಾರ್ವಜನಿಕವಾಗಿ ಘೋಷಿಸಿಕೊಳ್ಳುವುದನ್ನೂ, ಬೇರೆಯವರು ಹಾಗೆ ಘೋಷಿಸಲು ಬಿಡುವುದನ್ನೂ ನಿಷೇಧಿಸುತ್ತದೆ. ಕೊನೆಯ ಮಾತನ್ನು ಗಮನಿಸಬೇಕು: ಅಭಿಮಾನಿಯೊಬ್ಬ ಬಸ್ ನಿಲ್ದಾಣದ ಎದುರು ‘ನಮ್ಮ ಮುಂದಿನ ಸಂಸದರು’ ಎಂದು ಫ್ಲೆಕ್ಸ್ ಕಟ್ಟಿದರೆ, ಅದನ್ನು ಕಂಡೂ ಸುಮ್ಮನಿದ್ದ ಅಧಿಕಾರಿಯೇ ಉತ್ತರ ಹೇಳಬೇಕಾಗುತ್ತದೆ. ನೌಕಾಪಡೆ ಮತ್ತು ವಾಯುಪಡೆಯವರಿಗೂ ತಮ್ಮ ತಮ್ಮ ನಿಯಮಗಳ ಅಡಿಯಲ್ಲಿ ಇಂಥದೇ ನಿರ್ಬಂಧಗಳಿವೆ.

ಅವಧಿಗೆ ಮುನ್ನ ನಿವೃತ್ತಿ ಕೇಳುವವರು ಇನ್ನೂ ಎಚ್ಚರವಾಗಿರಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಬಿಡುಗಡೆ ಸಿಗುವುದಿಲ್ಲ, ಮಂಜೂರಾತಿಗೆ ತಿಂಗಳುಗಳೇ ಹಿಡಿಯಬಹುದು, ಚುನಾವಣೆಯ ದಿನಾಂಕವಂತೂ ಯಾರಿಗಾಗಿಯೂ ಕಾಯುವುದಿಲ್ಲ. ನಿವೃತ್ತಿಗೂ ಸ್ಪರ್ಧೆಗೂ ನಡುವೆ ಇಷ್ಟು ವರ್ಷ ಬಿಡುವಿರಬೇಕು ಎಂಬ ಕಾನೂನು ನಮ್ಮಲ್ಲಿ ಇಲ್ಲ. ಕರ್ನಲ್ ರಾಜ್ಯವರ್ಧನ್ ಸಿಂಗ್ ರಾಥೋಡ್ 2013ರಲ್ಲಿ ಸ್ವಯಂ ನಿವೃತ್ತಿ ಪಡೆದು 2014ರಲ್ಲಿ ಜೈಪುರ ಗ್ರಾಮಾಂತರದಿಂದ ಗೆದ್ದರು. 2012ರಲ್ಲಿ ಭೂಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಜನರಲ್ ವಿ.ಕೆ. ಸಿಂಗ್ ಅದೇ ಚುನಾವಣೆಯಲ್ಲಿ ಗಾಜಿಯಾಬಾದ್‌ನಿಂದ ಆಯ್ಕೆಯಾದರು. ಕಾನೂನು ಕೇಳದಿದ್ದರೂ ಒಂದೆರಡು ವರ್ಷದ ಅಂತರ ಇರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕೊನೆಯ ಹುದ್ದೆಯಲ್ಲಿ ತೆಗೆದುಕೊಂಡ ತೀರ್ಮಾನಗಳನ್ನೆಲ್ಲ ಜನ ಆಮೇಲೆ ರಾಜಕೀಯದ ಕನ್ನಡಕ ಹಾಕಿಕೊಂಡು ನೋಡುವುದು ಆಗ ಸ್ವಲ್ಪವಾದರೂ ತಪ್ಪುತ್ತದೆ.

ನಿವೃತ್ತಿಯ ನಂತರ ಹಿಡಿದ ಕೆಲಸಗಳನ್ನೂ ಇದೇ ಹಂತದಲ್ಲಿ ಪರಿಶೀಲಿಸಬೇಕು. ಸರ್ಕಾರದಲ್ಲಿ ಮರುನೇಮಕ, ನಿಗಮದಲ್ಲಿ ಸಲಹೆಗಾರ ಹುದ್ದೆ, ಗುತ್ತಿಗೆಯ ಆಡಳಿತಾಧಿಕಾರಿ ಕೆಲಸ ಇವುಗಳಲ್ಲಿ ಯಾವುದಿದ್ದರೂ ನಾಮಪತ್ರಕ್ಕೆ ಮುನ್ನ ರಾಜೀನಾಮೆ ಅಂಗೀಕಾರವಾಗಿರಬೇಕು. ಸಲ್ಲಿಸಿದ ಪತ್ರದ ನಕಲು ಸಾಲದು, ಅಂಗೀಕಾರದ ಆದೇಶವೇ ಬೇಕು. ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಸರ್ಕಾರದ ಕಾಮಗಾರಿ ನಡೆಸುವ ಒಪ್ಪಂದ ಚಾಲ್ತಿಯಲ್ಲಿದ್ದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಅನರ್ಹಗೊಳಿಸುತ್ತದೆ. ಭದ್ರತಾ ಸಿಬ್ಬಂದಿ ಒದಗಿಸುವ ಸಂಸ್ಥೆ ಅಥವಾ ಸಾಗಣೆಯ ಗುತ್ತಿಗೆ ಇಟ್ಟುಕೊಂಡಿರುವ ಮಾಜಿ ಅಧಿಕಾರಿಗಳು ಬಹಳ. ತಮ್ಮ ಒಪ್ಪಂದ ಈ ಕಲಮಿನ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಅವರು ಚುನಾವಣಾ ಕಾನೂನು ಬಲ್ಲ ವಕೀಲರಿಂದ ಲಿಖಿತವಾಗಿ ಪಡೆದುಕೊಳ್ಳುವುದು ಕ್ಷೇಮ.

ಸೇವೆಯಿಂದ ವಜಾಗೊಂಡವರ ವಿಷಯ ಬೇರೆ. ಭ್ರಷ್ಟಾಚಾರ ಅಥವಾ ರಾಷ್ಟ್ರಕ್ಕೆ ನಿಷ್ಠಾದ್ರೋಹದ ಕಾರಣಕ್ಕೆ ವಜಾ ಆದವರು ಐದು ವರ್ಷ ಸ್ಪರ್ಧಿಸುವಂತಿಲ್ಲ. ಬೇರೆ ಕಾರಣಕ್ಕೆ ವಜಾ ಆಗಿ ಐದು ವರ್ಷ ಕಳೆಯದವರು, ವಜಾಕ್ಕೆ ಆ ಎರಡೂ ಕಾರಣವಲ್ಲ ಎಂಬ ಪ್ರಮಾಣಪತ್ರವನ್ನು ಚುನಾವಣಾ ಆಯೋಗದಿಂದ ಪಡೆದು ನಾಮಪತ್ರದ ಜೊತೆಗೇ ಲಗತ್ತಿಸಬೇಕು. 2017ರಲ್ಲಿ ವಜಾಗೊಂಡಿದ್ದ ಗಡಿ ಭದ್ರತಾ ಪಡೆಯ ಯೋಧ ತೇಜ್ ಬಹದ್ದೂರ್ ಯಾದವ್ 2019ರಲ್ಲಿ ವಾರಾಣಸಿಯಲ್ಲಿ ಸಲ್ಲಿಸಿದ ನಾಮಪತ್ರ ತಿರಸ್ಕೃತವಾದದ್ದು ಈ ಒಂದು ಕಾಗದವಿಲ್ಲದೆ. ಸುಪ್ರೀಂ ಕೋರ್ಟಿನವರೆಗೂ ಹೋದ ಅವರ ಅರ್ಜಿ 2020ರಲ್ಲಿ ವಜಾ ಆಯಿತು.

ಇನ್ನು ಮತದಾರರ ಪಟ್ಟಿ. ಸೇವೆಯಲ್ಲಿದ್ದಾಗ ಹೆಸರು ಸೇವಾ ಮತದಾರರ ಭಾಗದಲ್ಲಿರುತ್ತದೆ. ನಿವೃತ್ತಿಯಾದ ಕೂಡಲೇ ವಾಸದ ವಿಳಾಸದಲ್ಲಿ ನಮೂನೆ 6 ಸಲ್ಲಿಸಿ ಸಾಮಾನ್ಯ ಮತದಾರರಾಗಿ ನೋಂದಾಯಿಸಿಕೊಳ್ಳಬೇಕು, ಸೇವಾ ಮತದಾರರ ಪಟ್ಟಿಯಿಂದ ಹೆಸರು ತೆಗೆಸಬೇಕು. ಪತ್ನಿಯ ಹೆಸರೂ ಅಲ್ಲೇ ಉಳಿದಿರುವ ಸಾಧ್ಯತೆಯುಂಟು. ಲೋಕಸಭೆಗೆ ನಿಲ್ಲಲು ದೇಶದ ಯಾವುದಾದರೂ ಲೋಕಸಭಾ ಕ್ಷೇತ್ರದಲ್ಲಿ ಮತದಾರರಾಗಿದ್ದರೆ ಸಾಕು. ಬೆಳಗಾವಿಯ ಮತದಾರರು ಚಾಮರಾಜನಗರದಲ್ಲಿ ನಿಲ್ಲಬಹುದು, ಆ ಕ್ಷೇತ್ರ ಮೀಸಲಾದ್ದರಿಂದ ಪರಿಶಿಷ್ಟ ಜಾತಿಯವರಾಗಿರಬೇಕು, ಅಷ್ಟೆ. ಹಾಗೆ ಹೊರ ಕ್ಷೇತ್ರದಲ್ಲಿ ನಿಲ್ಲುವವರು ತಮ್ಮ ಹೆಸರಿರುವ ಪುಟದ ದೃಢೀಕೃತ ಪ್ರತಿಯನ್ನು ನಾಮಪತ್ರದ ಜೊತೆ ಅಥವಾ ಪರಿಶೀಲನೆಯ ಹೊತ್ತಿಗೆ ಹಾಜರುಪಡಿಸಬೇಕು.

ಪಕ್ಷವೋ ಪಕ್ಷೇತರವೋ

ಈ ಪ್ರಶ್ನೆಗೆ ಇತಿಹಾಸ ನಯವಿಲ್ಲದ ಉತ್ತರ ಕೊಡುತ್ತದೆ. ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪ ಅವರಿಗಿಂತ ಹೆಚ್ಚಿನ ಹೆಸರುಳ್ಳ ನಿವೃತ್ತ ಸೇನಾಧಿಕಾರಿ ಈ ದೇಶದಲ್ಲಿ ಇರಲಿಲ್ಲ. ಅವರು 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಭೂಸೇನೆಯ ಮಾಜಿ ಕ್ಯಾಪ್ಟನ್, ಏರ್ ಡೆಕ್ಕನ್ ಕಟ್ಟಿದ ಜಿ.ಆರ್. ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಪಕ್ಷೇತರರಾಗಿ ನಿಂತು ಸೋತರು. ಹೆಸರಾಗಲಿ ಸಾಧನೆಯಾಗಲಿ ಇಬ್ಬರಿಗೂ ಕಡಿಮೆಯಿರಲಿಲ್ಲ. ಇನ್ನೊಂದೆಡೆ, ಮೇಜರ್ ಜನರಲ್ ಬಿ.ಸಿ. ಖಂಡೂರಿ 1991ರಲ್ಲಿ ಗಢವಾಲ್‌ನಿಂದ ಪಕ್ಷದ ಅಭ್ಯರ್ಥಿಯಾಗಿ ಗೆದ್ದು, 1996ರಲ್ಲಿ ಸೋತು, 1998ರಲ್ಲಿ ಮತ್ತೆ ಗೆದ್ದು, ಮುಂದೆ ಕೇಂದ್ರ ಸಚಿವರೂ ಉತ್ತರಾಖಂಡದ ಮುಖ್ಯಮಂತ್ರಿಯೂ ಆದರು. ನಮ್ಮ ದಕ್ಷಿಣ ಕನ್ನಡದಲ್ಲಿ 2024ರಲ್ಲಿ ಗೆದ್ದ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರು ಅದಕ್ಕೆ ಮುಂಚೆಯೇ ಪಕ್ಷದ ಸಂಘಟನೆಯಲ್ಲಿ ಕೆಲಸ ಮಾಡಿದ್ದವರು. ಕರ್ನಾಟಕದ ಒಂದು ಲೋಕಸಭಾ ಕ್ಷೇತ್ರವೆಂದರೆ ಎಂಟು ವಿಧಾನಸಭಾ ಕ್ಷೇತ್ರ, ಹದಿನೈದು ಲಕ್ಷಕ್ಕೂ ಮೇಲ್ಪಟ್ಟ ಮತದಾರರು, ಎರಡು ಸಾವಿರದ ಆಸುಪಾಸಿನ ಮತಗಟ್ಟೆ. ಪ್ರತಿ ಮತಗಟ್ಟೆಗೆ ಒಬ್ಬ ಏಜೆಂಟ್, ಬದಲಿಗೆ ಮತ್ತೊಬ್ಬ ಎಂದರೂ ನಾಲ್ಕು ಸಾವಿರ ಜನ ಬೇಕು. ಇದು ಒಂದು ಬ್ರಿಗೇಡ್‌ನಷ್ಟು ಜನ, ಆದರೆ ಯಾರಿಗೂ ಸಂಬಳವಿಲ್ಲ, ಯಾರ ಮೇಲೂ ಹುಕುಂ ನಡೆಯುವುದಿಲ್ಲ.

ಮಾಜಿ ಸೈನಿಕರ ಸಂಘದ ಬೆಂಬಲ ಸಿಕ್ಕರೆ ಸಾಕೆಂಬ ನಂಬಿಕೆ ಅನೇಕರಲ್ಲಿದೆ. ಕೊಡಗು, ಬೆಳಗಾವಿಯಂಥ ಕಡೆ ಮಾಜಿ ಸೈನಿಕರ ಮನೆಗಳು ಕಣ್ಣಿಗೆ ಕಾಣುವಷ್ಟಿವೆ, ನಿಜ. ಆದರೂ ಇಡೀ ಲೋಕಸಭಾ ಕ್ಷೇತ್ರದ ಲೆಕ್ಕದಲ್ಲಿ ಅದು ಸಣ್ಣ ಪಾಲು, ಮತ್ತು ಮಾಜಿ ಸೈನಿಕರೂ ಜಾತಿ, ಪಕ್ಷ, ಊರಿನ ಲೆಕ್ಕಾಚಾರದಿಂದ ಹೊರತಾದವರಲ್ಲ. ಸುಬೇದಾರರೊಬ್ಬರು ಸೆಲ್ಯೂಟ್ ಹೊಡೆದರೆಂದು ಮತ ಬಂತೆಂದು ಬರೆದುಕೊಳ್ಳಬಾರದು. ಹಳೆಯ ಅಧಿಕಾರಿಯ ಮೇಲೆ ಹಳೆಯ ಸಿಟ್ಟೂ ಇರುತ್ತದೆ.

ನಾಮಪತ್ರದ ಕಡತ

ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಏಳನೇ ದಿನ ನಾಮಪತ್ರ ಸಲ್ಲಿಕೆಗೆ ಕೊನೆ, ಮರುದಿನ ಪರಿಶೀಲನೆ, ಅದಾದ ಎರಡನೇ ದಿನ ವಾಪಸಾತಿಗೆ ಕೊನೆ. ಈ ದಿನಾಂಕಗಳಲ್ಲಿ ಯಾವುದಾದರೂ ಸಾರ್ವಜನಿಕ ರಜೆಯಾದರೆ ಅದರ ಮರುದಿನ. ಸಮಯ ಬೆಳಗ್ಗೆ 11ರಿಂದ ಮಧ್ಯಾಹ್ನ 3. ನಮೂನೆ 2ಎಯಲ್ಲಿ ಗರಿಷ್ಠ ನಾಲ್ಕು ಪ್ರತಿ ಸಲ್ಲಿಸಬಹುದು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ ಒಬ್ಬ ಮತದಾರ ಸೂಚಕನಾದರೆ ಸಾಕು, ಉಳಿದವರಿಗೆ ಹತ್ತು ಮಂದಿ ಬೇಕು. ಪಕ್ಷದ ಟಿಕೆಟ್ ಕೈಗೆ ಬಂದಿದ್ದರೂ ಒಂದು ಪ್ರತಿಯನ್ನು ಹತ್ತು ಸೂಚಕರ ಸಹಿಯೊಂದಿಗೆ ಸಲ್ಲಿಸಿಡುವುದು ಜಾಣತನ, ಏಕೆಂದರೆ ಕೊನೆಯ ದಿನ 3 ಗಂಟೆಯೊಳಗೆ ಪಕ್ಷದ ಅಧಿಕೃತ ಅಭ್ಯರ್ಥಿಯೆಂದು ತಿಳಿಸುವ ಬಿ ಫಾರಂ ತಲುಪದಿದ್ದರೆ ಒಬ್ಬನೇ ಸೂಚಕನಿರುವ ಪ್ರತಿ ನಿಲ್ಲುವುದಿಲ್ಲ. ಠೇವಣಿ 25,000 ರೂಪಾಯಿ; ಪರಿಶಿಷ್ಟ ಜಾತಿ, ಪಂಗಡದವರಿಗೆ 12,500.

ನಾಮಪತ್ರ ಸಲ್ಲಿಸಿದ ಮೇಲೆ, ಪರಿಶೀಲನೆಯ ದಿನಕ್ಕೆ ಮುಂಚೆ, ಚುನಾವಣಾಧಿಕಾರಿಯ ಮುಂದೆ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ಡೆಹ್ರಾಡೂನಿನ ಸೇನಾ ಅಕಾಡೆಮಿಯ ಪೆರೇಡ್ ಮೈದಾನದಲ್ಲಿ ಪ್ರಮಾಣ ಮಾಡಿದ್ದೇನಲ್ಲ ಎನ್ನುವ ವಾದ ಇಲ್ಲಿ ನಡೆಯದು. ಪ್ರಮಾಣ ಸ್ವೀಕರಿಸಿದ್ದಕ್ಕೆ ದೃಢೀಕರಣ ಪತ್ರವನ್ನು ಕೇಳಿ ಪಡೆದುಕೊಂಡೇ ಹೊರಬರಬೇಕು.

ನಿಜವಾದ ಬೆವರು ಇಳಿಯುವುದು ನಮೂನೆ 26ರ ಪ್ರಮಾಣಪತ್ರ (ಅಫಿಡವಿಟ್) ತುಂಬುವಾಗ. ಕಳೆದ ಐದು ವರ್ಷದ ಆದಾಯ ತೆರಿಗೆ ವಿವರ, ಸ್ವಂತ ಹಾಗೂ ಪತ್ನಿ ಮತ್ತು ಅವಲಂಬಿತರ ಚರ, ಸ್ಥಿರ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ಸಾಮಾಜಿಕ ಜಾಲತಾಣದ ಖಾತೆಗಳು ಎಲ್ಲವನ್ನೂ ಬರೆಯಬೇಕು. ಸೇನೆಯವರ ಆಸ್ತಿ ಸಾಮಾನ್ಯವಾಗಿ ದೇಶದ ತುಂಬ ಚದುರಿರುತ್ತದೆ: ಭವಿಷ್ಯ ನಿಧಿಯ ಹಣ ಬಂದು ಬಿದ್ದ ಹಳೆಯ ಬ್ಯಾಂಕ್ ಖಾತೆ, ಸೇನಾ ವಸತಿ ಯೋಜನೆಯಲ್ಲಿ ಬೇರೆ ರಾಜ್ಯದಲ್ಲಿ ಕೊಂಡ ಫ್ಲಾಟ್, ಅಣ್ಣತಮ್ಮಂದಿರೊಡನೆ ಜಂಟಿ ಖಾತೆಯಲ್ಲಿರುವ ಊರಿನ ಜಮೀನು. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ. ಇಲ್ಲದಿದ್ದರೆ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯಲೇಬೇಕು. ಖಾಲಿ ಬಿಟ್ಟ ಪ್ರಮಾಣಪತ್ರವನ್ನು, ಸರಿಪಡಿಸಲು ಸೂಚಿಸಿದ ಮೇಲೂ ತುಂಬದಿದ್ದರೆ, ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ಇದೇ ನಮೂನೆಯಲ್ಲಿ ಸೇನಾಧಿಕಾರಿಗಳನ್ನು ನೇರವಾಗಿ ಮುಟ್ಟುವ ಒಂದು ಅಂಶವಿದೆ. ಅಧಿಸೂಚನೆಗೆ ಹಿಂದಿನ ಹತ್ತು ವರ್ಷಗಳಲ್ಲಿ ಸರ್ಕಾರಿ ವಸತಿಯಲ್ಲಿ ವಾಸವಾಗಿದ್ದರೆ, ಬಾಡಿಗೆ, ವಿದ್ಯುತ್, ನೀರು, ದೂರವಾಣಿ ಬಾಕಿ ಇಲ್ಲವೆಂದು ಘೋಷಿಸಿ ಸಂಬಂಧಪಟ್ಟ ಕಚೇರಿಗಳ ಬೇಬಾಕಿ ಪತ್ರ ಲಗತ್ತಿಸಬೇಕು. ಎರಡೆರಡು ವರ್ಷಕ್ಕೊಮ್ಮೆ ವರ್ಗವಾಗುವ ಅಧಿಕಾರಿಗೆ ಹತ್ತು ವರ್ಷವೆಂದರೆ ಐದಾರು ದಂಡು ಪ್ರದೇಶದ ಐದಾರು ಬಂಗಲೆ. ನಾನೊಮ್ಮೆ ನಿವೃತ್ತ ಕರ್ನಲ್ ಒಬ್ಬರ ಕಡತ ಸಿದ್ಧಪಡಿಸಲು ನೆರವಾಗಿದ್ದೆ. ಅವರು ಎಲ್ಲ ಸ್ಟೇಷನ್ನಿನ ಕಾಗದಗಳನ್ನೂ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ದಿನಾಂಕದ ಕ್ರಮದಲ್ಲಿ ಇಟ್ಟಿದ್ದರು, ಆದರೆ ಈಶಾನ್ಯದ ಒಂದು ಸ್ಟೇಷನ್ನಿನ ವಿದ್ಯುತ್ ಬೇಬಾಕಿ ಪತ್ರ ಮಾತ್ರ ಇರಲಿಲ್ಲ. ಕೇಳಿದಾಗ ಆ ಕಚೇರಿಯವರು ನಾಲ್ಕು ವರ್ಷ ಹಿಂದಿನ 212 ರೂಪಾಯಿ ಬಾಕಿ ತೋರಿಸಿದರು. ಹಣ ಕಟ್ಟಲು ಹತ್ತು ನಿಮಿಷ ಸಾಕಾಯಿತು, ಕಟ್ಟಿದ್ದಕ್ಕೆ ಸಹಿ, ಮೊಹರು ಇರುವ ಪತ್ರ ಬರಲು ಒಂಬತ್ತು ದಿನ ಹಿಡಿಯಿತು. ನಾಮಪತ್ರದ ಕೊನೆಯ ದಿನ 1 ಗಂಟೆ 40 ನಿಮಿಷಕ್ಕೆ ಅದು ಕೈಗೆ ಬಂತು. ಆದ್ದರಿಂದ ನಿವೃತ್ತಿಯಾಗುವಾಗಲೇ, ಚುನಾವಣೆಯ ಯೋಚನೆ ಇರಲಿ ಬಿಡಲಿ, ಪ್ರತಿ ವಸತಿಗೂ ಈ ಪತ್ರ ಪಡೆದಿಟ್ಟುಕೊಳ್ಳುವಂತೆ ನಾನು ಎಲ್ಲರಿಗೂ ಹೇಳುತ್ತೇನೆ.

ಸಮವಸ್ತ್ರ, ಪದವಿ ಮತ್ತು ಹಳೆಯ ಗೆಳೆಯರು

ಕರಪತ್ರದಲ್ಲಿ ಹೆಸರಿಗೆ ಮೊದಲು ಸೇನಾ ಪದವಿ, ಕೊನೆಗೆ ‘ನಿವೃತ್ತ’ ಎಂದು ಹಾಕುವುದಕ್ಕೆ ಅಡ್ಡಿಯಿಲ್ಲ. ‘ನಿವೃತ್ತ’ ಎಂಬ ಪದವನ್ನು ಕಾಣದಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸುವ ಚಾಳಿ ಮಾತ್ರ ಬೇಡ. ಸಮವಸ್ತ್ರ ತೊಟ್ಟು ಪ್ರಚಾರಕ್ಕೆ ಹೋಗಬಾರದು. ಸೇನಾ ಸಿಬ್ಬಂದಿಯ ಭಾವಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ 2013ರಲ್ಲಿ ಪಕ್ಷಗಳಿಗೆ ಸೂಚಿಸಿತ್ತು; 2019ರ ಮಾರ್ಚ್‌ನಲ್ಲಿ ಅದನ್ನು ಮತ್ತೆ ನೆನಪಿಸಿ, ರಕ್ಷಣಾ ಪಡೆಗಳ ಕಾರ್ಯಾಚರಣೆಗಳನ್ನು ರಾಜಕೀಯ ಪ್ರಚಾರಕ್ಕೆ ಎಳೆಯಬಾರದೆಂದೂ ಹೇಳಿತು. ಅಭ್ಯರ್ಥಿಯದೇ ಹಳೆಯ ಫೋಟೊ ಆದರೂ, ಪಕ್ಕದಲ್ಲಿ ನಿಂತ ಜವಾನರು ಇನ್ನೂ ಸೇವೆಯಲ್ಲಿರಬಹುದು. ಹಾಗಾಗಿ ಗಡಿಯ ಬಂಕರಿನ ಮುಂದೆ ತೆಗೆಸಿಕೊಂಡ ಚಿತ್ರಗಳು ಮನೆಯ ಗೋಡೆಯ ಮೇಲೆಯೇ ಇರಲಿ. ಕಾರ್ಯಾಚರಣೆಯ ಕಥೆ ಹೇಳುವಾಗ 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ ಎಂಬುದು ನೆನಪಿರಬೇಕು. ಜನ ಚಪ್ಪಾಳೆ ತಟ್ಟುತ್ತಿರುವಾಗ ಮಾತು ಗೆರೆ ದಾಟುವುದು ಬಹಳ ಸುಲಭ.

ಇದಕ್ಕಿಂತ ಗಂಭೀರವಾದದ್ದು ಪ್ರಜಾಪ್ರತಿನಿಧಿ ಕಾಯ್ದೆಯ 123(7)ನೇ ಕಲಂ. ಗೆಲುವಿಗೆ ಅನುಕೂಲವಾಗುವಂತೆ ಸೇವೆಯಲ್ಲಿರುವ ಸಶಸ್ತ್ರ ಪಡೆಯವರಿಂದ ಅಭ್ಯರ್ಥಿಯಾಗಲಿ ಅವರ ಏಜೆಂಟರಾಗಲಿ ನೆರವು ಪಡೆಯುವುದು ಭ್ರಷ್ಟ ಆಚರಣೆ. ಸಾಬೀತಾದರೆ ಗೆದ್ದ ಚುನಾವಣೆಯೇ ರದ್ದಾಗುತ್ತದೆ. ರಜೆಗೆ ಬಂದ ಮೇಜರ್ ಒಬ್ಬರು ಹಳೆಯ ಕಮಾಂಡಿಂಗ್ ಆಫೀಸರ್ ಮೇಲಿನ ಅಭಿಮಾನದಿಂದ ಜೀಪು ಹತ್ತಿದರೂ ತೊಂದರೆಯೇ. ರೆಜಿಮೆಂಟಿನ, ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೇವೆಯಲ್ಲಿರುವವರೂ ಇರುತ್ತಾರಾದ್ದರಿಂದ, ಸ್ಪರ್ಧೆ ಖಚಿತವಾದ ದಿನವೇ ಕಾರಣ ಬರೆದು ಅವುಗಳಿಂದ ಹೊರಬರುವುದು ಒಳಿತು. ಮನೆಯಲ್ಲಿ ಪರವಾನಗಿ ಪಡೆದ ಬಂದೂಕಿದ್ದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಕೇಳುತ್ತಾರೆ, ಬೇಸರಪಡಬಾರದು.

ಮತ ಕೇಳುವ ಕೆಲಸ

ಮೂವತ್ತು ವರ್ಷ ಹಿಂದಿ, ಇಂಗ್ಲಿಷಿನಲ್ಲಿ ಕೆಲಸ ಮಾಡಿದವರ ಕನ್ನಡಕ್ಕೆ ಒಂದು ಬಗೆಯ ಬಿಗುವು ಬಂದಿರುತ್ತದೆ. ವಾಕ್ಯಗಳು ಆದೇಶದಂತೆ ಹೊರಡುತ್ತವೆ. ಮೇಲೆ ಹೇಳಿದ ಕರ್ನಲ್ ಅವರು ಮೊದಲ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಕಟ್ಟೆಯ ಮುಂದೆ ನಿಂತು, ಕೈ ಹಿಂದೆ ಕಟ್ಟಿ, ‘ಎಲ್ಲರೂ ಮುಂದೆ ಬನ್ನಿ, ಕುಳಿತುಕೊಳ್ಳಿ’ ಎಂದರು. ಜನ ಕುಳಿತರು, ಕೇಳಿದರು, ಎದ್ದು ಹೋದರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ನಾಲ್ಕನೇ ಹಳ್ಳಿಯ ಹೊತ್ತಿಗೆ ಅವರು ಭಾಷಣ ಬಿಟ್ಟು ಕಟ್ಟೆಯ ಮೇಲೆಯೇ ಕುಳಿತಿದ್ದರು. ಅಜ್ಜಿಯೊಬ್ಬರು ‘ಸಾಹೇಬ್ರೇ, ನನ್ನ ವಿಧವಾ ವೇತನ ನಿಂತು ಐದು ತಿಂಗಳಾಯ್ತು’ ಎಂದಾಗ, ಗೆದ್ದ ಮೇಲೆ ನೋಡೋಣ ಎನ್ನದೆ, ಅಮ್ಮಾ ಎಂದು ಕರೆದು, ಪಾಸ್‌ಬುಕ್ ಪಡೆದು ಕೊನೆಯ ಜಮೆಯ ತಾರೀಖನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಸುತ್ತ ನಿಂತವರು ಬಾಯಿ ಬಿಟ್ಟದ್ದು ಆಗಲೇ.

ಇಲ್ಲಿ ಒಂದು ಪ್ರಾಮಾಣಿಕತೆಯ ಪ್ರಶ್ನೆಯೂ ಇದೆ. ಚರಂಡಿ, ಬೀದಿದೀಪ, ಪಡಿತರ ಚೀಟಿ ಸಂಸದರ ನೇರ ಅಧಿಕಾರದಲ್ಲಿಲ್ಲ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ, ಅದನ್ನು ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಅಭ್ಯರ್ಥಿ ಮೊದಲು ತಾವೇ ಲೆಕ್ಕ ಹಾಕಿಕೊಳ್ಳಬೇಕು. ಕೇಂದ್ರದ ಯೋಜನೆಗಳ ಪ್ರಗತಿ ಪರಿಶೀಲಿಸುವ ಜಿಲ್ಲಾ ಮಟ್ಟದ ದಿಶಾ ಸಮಿತಿಗೆ ಸಂಸದರು ಅಧ್ಯಕ್ಷರಾಗುತ್ತಾರೆ. ಕಡತ ಹಿಡಿದು ಪ್ರಶ್ನೆ ಕೇಳುವ ಅಭ್ಯಾಸವಿರುವ ಸೇನಾಧಿಕಾರಿಗೆ ಅದು ಹೇಳಿ ಮಾಡಿಸಿದ ವೇದಿಕೆ, ಪ್ರಚಾರದಲ್ಲಿ ಅದನ್ನು ಹೇಳಿಕೊಳ್ಳಬಹುದು. ರಕ್ಷಣೆಗೆ ಸಂಬಂಧಿಸಿದ ಎರಡು ಪ್ರಶ್ನೆ ಎಲ್ಲ ಕಡೆ ಬಂದೇ ಬರುತ್ತವೆ: ಸಮಾನ ಶ್ರೇಣಿ ಸಮಾನ ಪಿಂಚಣಿ ಮತ್ತು ನಾಲ್ಕು ವರ್ಷದ ಅವಧಿಗೆ ಭರ್ತಿ ಮಾಡಿಕೊಳ್ಳುವ, 2022ರಲ್ಲಿ ಬಂದ ಅಗ್ನಿಪಥ ಯೋಜನೆ. ಮಗನನ್ನು ಭರ್ತಿಗೆ ಕಳುಹಿಸಲು ಕಾದಿರುವ ತಂದೆ ‘ನಾಲ್ಕು ವರ್ಷ ಆದ್ಮೇಲೆ ಏನು ಸಾರ್?’ ಎಂದು ಕೇಳುವಾಗ ಪಕ್ಷದ ಟಿಪ್ಪಣಿಯನ್ನು ಓದಿ ಹೇಳಿದರೆ ಅವರು ಒಪ್ಪುವುದಿಲ್ಲ, ಏಕೆಂದರೆ ಅವರು ಕೇಳುತ್ತಿರುವುದು ಅಭ್ಯರ್ಥಿಯನ್ನಲ್ಲ, ಅಧಿಕಾರಿಯನ್ನು. ಪಕ್ಷದ ನಿಲುವಿಗೂ ತಮ್ಮ ಅನುಭವಕ್ಕೂ ಎಲ್ಲಿ ಹೊಂದಿಕೆಯಾಗುವುದಿಲ್ಲ ಎಂಬುದನ್ನು ಟಿಕೆಟ್ ಪಡೆಯುವ ಮುನ್ನವೇ ಪಕ್ಷದವರೊಡನೆ ಮಾತಾಡಿಕೊಂಡಿರಬೇಕು.

ಹಣ

ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚದ ಮಿತಿ 2022ರಿಂದ 95 ಲಕ್ಷ ರೂಪಾಯಿ. ನಾಮಪತ್ರದ ದಿನದಿಂದ ಫಲಿತಾಂಶ ಘೋಷಣೆಯ ದಿನದವರೆಗಿನ ವೆಚ್ಚವೆಲ್ಲ ಇದರೊಳಗೆ ಬರಬೇಕು. ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ತೆರೆಯಬೇಕು. ನಿವೃತ್ತಿ ವೇತನ ಬರುವ ಖಾತೆಯನ್ನು ಇದಕ್ಕೆ ಬೆರೆಸಬಾರದು. ಚುನಾವಣಾಧಿಕಾರಿ ಕೊಡುವ ವೆಚ್ಚದ ವಹಿಯಲ್ಲಿ ಬಿಳಿ ಹಾಳೆ ದಿನದ ಲೆಕ್ಕಕ್ಕೆ, ಗುಲಾಬಿ ಹಾಳೆ ನಗದಿಗೆ, ಹಳದಿ ಹಾಳೆ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಇದನ್ನು ತಪಾಸಣೆಗೆ ಒಪ್ಪಿಸಬೇಕು. ಯೂನಿಟ್ಟಿನ ಲೆಕ್ಕಪತ್ರ ನೋಡಿಕೊಂಡಿದ್ದ ಹಳೆಯ ಹೆಡ್ ಕ್ಲರ್ಕ್ ಯಾರಾದರೂ ನಿವೃತ್ತರಾಗಿ ಊರಲ್ಲಿದ್ದರೆ ಈ ವಹಿಯನ್ನು ಅವರ ಕೈಗೆ ಕೊಡಬೇಕು. ಭಾಷಣ ಮಾಡಬಲ್ಲ ಹತ್ತು ಜನರಿಗಿಂತ ಅಂಥ ಒಬ್ಬರು ಹೆಚ್ಚು.

ಮತದಾನದ ದಿನ ಪ್ರತಿ ಮತಗಟ್ಟೆಯ ಏಜೆಂಟ್, ಮತದಾನಕ್ಕೆ ಮುನ್ನ ಯಂತ್ರವನ್ನು ಪರೀಕ್ಷಿಸುವ ಅಣಕು ಮತದಾನದ ಹೊತ್ತಿಗೆ ಹಾಜರಿರಬೇಕು. ಸಂಜೆ ದಾಖಲಾದ ಮತಗಳ ಲೆಕ್ಕವಿರುವ ನಮೂನೆ 17ಸಿ ಪ್ರತಿಯನ್ನು ಪಡೆಯದೆ ಜಾಗ ಬಿಡಬಾರದು. ಎಣಿಕೆಯ ದಿನ ಯಂತ್ರದ ಅಂಕಿಯನ್ನು ತಾಳೆ ನೋಡಲು ಆ ಹಾಳೆಯೇ ಆಧಾರ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ ಸೋತವರ ಠೇವಣಿ ಸರ್ಕಾರದ ಪಾಲಾಗುತ್ತದೆ, ಅಂದರೆ 12 ಲಕ್ಷ ಸಿಂಧು ಮತಗಳಿದ್ದಲ್ಲಿ 2 ಲಕ್ಷ ದಾಟಬೇಕು. ಗೆದ್ದರೂ ಸೋತರೂ ಫಲಿತಾಂಶದ ನಂತರ 30 ದಿನಗಳೊಳಗೆ ವೆಚ್ಚದ ಪೂರ್ತಿ ಲೆಕ್ಕವನ್ನು ರಸೀದಿಗಳ ಸಹಿತ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಸೋತವರು ಸಾಮಾನ್ಯವಾಗಿ ಮರೆಯುವುದು ಇದನ್ನೇ, ಮತ್ತು ಸಕಾರಣವಿಲ್ಲದೆ ಸಲ್ಲಿಸದವರನ್ನು ಆಯೋಗ ಮೂರು ವರ್ಷ ಅನರ್ಹಗೊಳಿಸುತ್ತದೆ. ಕರ್ನಲ್ ಅವರು ಸೋತಿದ್ದರು. ಇಪ್ಪತ್ತೆರಡನೇ ದಿನ ಬೆಳಗ್ಗೆ ಮೂರು ಬಣ್ಣದ ಹಾಳೆಗಳ ವಹಿಯನ್ನು ಅದೇ ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟುಕೊಂಡು ಹೋಗಿ ಒಪ್ಪಿಸಿ, ಸ್ವೀಕೃತಿಯ ಮೇಲಿನ ಮೊಹರು ಮಸುಕಾಗಿದೆಯೆಂದು ಗುಮಾಸ್ತರಿಂದ ಇನ್ನೊಮ್ಮೆ ಒತ್ತಿಸಿಕೊಂಡು ಬಂದರು.